ಜೌಗಿನಲ್ಲಿ ಐದು ಸದ್ದು — ಒಂಬತ್ತನೆಯ ಕಂತು: ಹಸಿ ಕಡ್ಡಿ

"ಬೆಳಕಿಗೆ ಅಡ್ಡ ನಿಲ್ಲಬೇಡ ಮಗಾ. ನೀನೇನು ಗಾಜಿನ ಮನುಷ್ಯನಾ?"

ನೀಲ್ ಪಾರ್ಕ್ಸ್ ಕಿಟಕಿ ಬಿಟ್ಟು ಸರಿದು ನಿಂತ. ಒಡೆಸ್ಸಾ ಕಾರ್ನಿಶ್ ತಮ್ಮ ಕೋವಿ ದುರಸ್ತಿ ಮೇಜಿನ ಮೇಲೆ ಹಳೆಯ ಕೌದಿಯ ತುಂಡೊಂದನ್ನು ಹಾಸಿ, ಕೆಸರು ಮೆತ್ತಿದ ಕೋವಿಯನ್ನು ಅದರ ಮೇಲೆ ಮಲಗಿಸಿದ್ದರು, ಎಳೆಗೂಸನ್ನು ಮಲಗಿಸಿದ ಹಾಗೆ. ಅರವತ್ತೊಂಬತ್ತು ವಯಸ್ಸಿನ ಕಪ್ಪು ಕೈಗಳು. ಎಡಗೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಬಲಗೈಯಲ್ಲಿ ಎಣ್ಣೆಬಟ್ಟೆ.

ಬೆಳಿಗ್ಗೆ ಏಳಕ್ಕೆ, ಮಡ್ಡಿ ಹುಕ್ ಹೊಳೆಯ ಬಾಯಲ್ಲಿ ಸಿಂಪಿ ಎತ್ತುವವನೊಬ್ಬನ ಉದ್ದನೆಯ ಇಕ್ಕಳಕ್ಕೆ ಸಿಕ್ಕಿದ ಕೋವಿ ಅದು. ಕೊಲ್ಲಿಯಾಚೆಯ ನಗರದ ಪರೀಕ್ಷಾಲಯಕ್ಕೆ ಕಳಿಸಿದರೆ ಮೂರು ವಾರ ಬೇಕು. ನೀಲ್‌ಗೆ ಇದ್ದದ್ದು ಮೂರು ಗಂಟೆ. ಮಧ್ಯಾಹ್ನ ಒಂದಕ್ಕೆ ಟೋಬಿ ವೀಟ್ಲಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಕ್ಯಾಪ್ಟನ್ ಆಲ್ಟನ್ ಇನ್ಸ್ಲಿಯನ್ನು ಅವನದೇ ಬಾತುಬೇಟೆಯ ಮರೆಯಲ್ಲಿ, ನೀರಿನ ನಡುವೆ ಕಟ್ಟಿದ ಹಲಗೆ ಗೂಡಿನಲ್ಲಿ, ಕೊಂದ ಆರೋಪ. ಅಲ್ಲಿಂದ ಅವನನ್ನು ರಾಜ್ಯದ ಸೆರೆಮನೆಗೆ ಒಯ್ದರೆ ಮತ್ತೆ ಈ ಜೌಗು ನೋಡುವುದು ಯಾವ ಕಾಲಕ್ಕೋ.

ಟೋಬಿಯ ಕೊರಳಿಗೆ ಬಿದ್ದ ಹಗ್ಗ ನೀಲ್‌ನ ಜೇಬಿನಲ್ಲೇ ಇತ್ತು. ಬೇಟೆ ಕಾವಲಿನ ಅಧಿಕಾರಿಯಾದ ಅವನ ಚಿಕ್ಕ ಟಿಪ್ಪಣಿ ಪುಸ್ತಕ. ಒಂಬತ್ತು ದಿನದ ಹಿಂದೆ ದೋಣಿಕಟ್ಟೆಯ ಮೇಲೆ ನಿಂತು ಅವನೇ ಬರೆದಿದ್ದ: *ಬೆಳಿಗ್ಗೆ ೬.೫೨. ಐದು ಸದ್ದು. ಕಡ್ಡಿ ಇಲ್ಲದ ಕೋವಿ. ಹುಡುಕಬೇಕು.*

ಬಾತು ಹೊಡೆಯುವ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದು. ಐದು ಹಿಡಿಯುವ ಕೋವಿಯಾದರೆ, ನಳಿಕೆಯ ಕೆಳಗಿನ ತೋಟಾ ಕೊಳವೆಯೊಳಗೆ ಮರದ ತಡೆಗಡ್ಡಿ ತೂರಿಸಿ ಮೂರಕ್ಕೆ ಇಳಿಸಬೇಕು. ಕೋವಿ ಬಿಚ್ಚದೆ ಆ ಕಡ್ಡಿ ಈಚೆ ಬರಕೂಡದು. ಇಪ್ಪತ್ತೆರಡು ವರ್ಷದಿಂದ ನೀಲ್ ಮಾಡಿದ ಕೆಲಸವೇ ಅದು. ಕಟ್ಟೆಗೆ ಬಂದವರ ಕೋವಿಗೆ ತೋಟಾ ತುರುಕಿ ನೋಡುವುದು, ಎಣಿಸುವುದು, ಮೂರಕ್ಕೆ ನಿಂತರೆ ಟೋಪಿ ಮುಟ್ಟಿ ಬಿಡುವುದು, ನಿಲ್ಲದಿದ್ದರೆ ದಂಡ ಬರೆಯುವುದು.

ಟೋಬಿಯ ಗಾಡಿಯಲ್ಲಿ ಶೆರಿಫ್‌ಗೆ ಸಿಕ್ಕ ಇಪ್ಪತ್ತರ ಬೋರಿನ ಕೋವಿಯಲ್ಲಿ ಕಡ್ಡಿ ಇರಲಿಲ್ಲ. ಹಿಂದಿನ ದಿನ ಜಿಂಕೆಗೆ ಹೋಗಿದ್ದೆ, ಜಿಂಕೆಗೆ ಆ ಕಟ್ಟಳೆ ಇಲ್ಲವಲ್ಲ ಎಂದಿದ್ದ ಟೋಬಿ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಪಟ ತಂದಿದೀಯಾ?" ಒಡೆಸ್ಸಾ ಕೇಳಿದರು.

ನೀಲ್ ಮರೆಯೊಳಗೆ ತೆಗೆದ ಚಿತ್ರವನ್ನು ಮೇಜಿನ ಮೇಲಿಟ್ಟ. ಹಲಗೆಯ ಬುಡದಲ್ಲಿ ಮೂರು ಖಾಲಿ ತೋಟಾ. ಇನ್ನೆರಡು ನೀರಿಗೆ ಬಿದ್ದಿರಬೇಕು ಎಂದು ಶೆರಿಫ್ ಬರೆದುಕೊಂಡಿದ್ದ. ಕ್ಯಾಪ್ಟನ್ನನ ಮೈಮೇಲೆ ಎರಡು ಏಟು. ಉಳಿದ ಮೂರು ಗುರಿ ತಪ್ಪಿದ್ದು ಎಂದೂ ಬರೆದುಕೊಂಡಿದ್ದ.

"ಕೋಳಿ ಮೊಟ್ಟೆ ಇಟ್ಟ ಹಾಗೆ ಒಂದೇ ಕಡೆ ಬಿದ್ದಿವೆಯಲ್ಲ."

"ಹೌದು. ಅದಕ್ಕೇನು?"

"ಟೋಬಿ ಕೋವಿ ಯಾವ ಕಡೆ ಉಗುಳುತ್ತೆ?"

"ಬಲಕ್ಕೆ. ಎಂಟು ಹತ್ತು ಅಡಿ ಹಾರುತ್ತೆ."

"ಅದು ಹಾಗೆ ಉಗುಳಿದ್ರೆ ಮೂರೂ ತೋಟಾ ಗೋಡೆಗೆ ಬಡಿದು ಮೂರು ದಿಕ್ಕಿಗೆ ಓಡ್ತಿದ್ವು. ಈಗ ಈ ತಾಯಿಯನ್ನ ನೋಡು." ಒಡೆಸ್ಸಾ ಕೋವಿಯನ್ನು ಮಗ್ಗುಲಿಗೆ ತಿರುಗಿಸಿ ಅದರ ಉಕ್ಕಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ಪಕ್ಕೆಯಲ್ಲಿ ಬಾಗಿಲಿಲ್ಲ. ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಉಣ್ಣೋದೂ ಹೊಟ್ಟೆ ಕೆಳಗಿಂದ, ಉಗುಳೋದೂ ಹೊಟ್ಟೆ ಕೆಳಗಿಂದ. ಹೊಡೆದೋರ ಕಾಲ ಬುಡಕ್ಕೇ ಬೀಳುತ್ತೆ."

ನೀಲ್‌ನ ಎರಡೂ ಕೈ ಮೇಜಿನ ಅಂಚು ಹಿಡಿದವು. "ಅಂದ್ರೆ ಟೋಬಿ ಕೋವಿ ಅಲ್ಲ."

"ಆತುರ ಪಡಬೇಡ. ಮೊದಲು ಇವಳು ಯಾರು ಅಂತ ಕೇಳೋಣ."

ಆಕೆ ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಸುತ್ತಿಸತೊಡಗಿದರು. ಕಂದು ಕೆಸರು ಎಣ್ಣೆಯೊಡನೆ ಕರಗಿ ಕೌದಿಗೆ ಇಳಿಯಿತು. ಅದರಡಿಯಿಂದ ಮೊದಲು ಒಂದು ರೆಕ್ಕೆ ಬಂತು. ಆಮೇಲೆ ಕೊರಳು, ಆಮೇಲೆ ಜೊಂಡಿನ ಎಸಳು. ನೋಡನೋಡುತ್ತಿದ್ದಂತೆ ಉಕ್ಕಿನ ಮೇಲೆ ಬಾತುಗಳು ನೀರಿನಿಂದ ಎದ್ದು ಹಾರಿದವು.

ನೀಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ತೆಗೆದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಸಾವಿರ ಕೋವಿ ಕೈಗೆತ್ತಿಕೊಂಡವನು ಅವನು. ಎಣಿಸಿದ್ದ; ನೋಡಿರಲಿಲ್ಲ.

"ಚೆಂದ ಅಲ್ವಾ?" ಎಂದರು ಒಡೆಸ್ಸಾ. "ನಮ್ಮಪ್ಪ ಅನ್ನೋನು, ಕೊಲ್ಲೋ ಸಾಮಾನಿಗೆ ಇಷ್ಟು ಪ್ರೀತಿಯಿಂದ ಹಕ್ಕಿ ಬಿಡಿಸಿದೋನು ಅದೆಂಥ ಮನುಷ್ಯನಿರಬೇಕು ಅಂತ. ಇಥಾಕಾ ಕಂಪನಿಯ ಮೂವತ್ತೇಳು ಕಣಪ್ಪ. ಮುಂಗೈ ಹಿಡಿ ನೋಡು, ಬಳೆ ಬಳೆ ಕೊರೆದಿದೆ. ಯುದ್ಧ ಮುಗಿದ ಹೊಸತರ ಕಾಲದ್ದು. ಇಪ್ಪತ್ತರ ಬೋರು, ಟೋಬಿ ಕೋವಿಯ ಅಳತೆಯೇ. ಹಿಂದಿನ ಮರವನ್ನ ಎರಡು ಬೆರಳಷ್ಟು ಕೊಯ್ದಿದಾರೆ. ಕೈ ಗಿಡ್ಡ ಇರೋರ ಕೋವಿ. ಕೊಯ್ದದ್ದು ನಮ್ಮ ಗರಗಸ ಅಲ್ಲ, ನಾವಾದ್ರೆ ಇಷ್ಟು ಓರೆ ಕೊಯ್ತಿರಲಿಲ್ಲ."

"ನಂಬರು?"

"ಎರಡು ಕಡೆ ಇರುತ್ತೆ. ಮೈಮೇಲೊಂದು, ನಳಿಕೆ ಮೇಲೊಂದು. ಎರಡಕ್ಕೂ ಅರ ಹಾಕಿದಾರೆ. ಗಾಯ ಇನ್ನೂ ಹಸಿ."

ಭೂತಗನ್ನಡಿಯಲ್ಲಿ, ತೋಟಾದ ಬೆನ್ನಿಗೆ ಬಡಿಯುವ ಸೂಜಿಯ ತುದಿ ನೋಡಿ, ಚಿತ್ರದಲ್ಲಿನ ಮೂರು ತೋಟಾಗಳ ಬೆನ್ನು ನೋಡಿ, ಮತ್ತೆ ಸೂಜಿ ನೋಡಿದರು. ತುದಿಯಲ್ಲಿ ಒಂದು ಚೂರು ಎದ್ದುಹೋಗಿತ್ತು. ಮೂರು ತೋಟಾದ ಬೆನ್ನ ಮೇಲೂ ತೆಳ್ಳನೆಯ ಬಿದಿಗೆಚಂದ್ರನ ಗುರುತು.

"ಇದೇ," ಎಂದರು. "ಈ ಮೂರನ್ನ ಹೊಡೆದದ್ದು ಇದೇ."

ನೀಲ್ ಕುರ್ಚಿಗೆ ಕುಸಿದ. ಒಂಬತ್ತು ದಿನದಿಂದ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಒಡೆಸ್ಸಾ ಅವನ ಕಡೆ ನೋಡದೆಯೇ ಒಲೆಯ ಮೇಲಿನ ಪಾತ್ರೆಯಿಂದ ಕಾಫಿ ಬಗ್ಗಿಸಿ, ಅವನ ಕೈಗೆಟಕುವಲ್ಲಿ ಇಟ್ಟರು. ಎರಡು ಚಮಚ ಸಕ್ಕರೆ. ಅವನು ಯಾವತ್ತೂ ಹೇಳಿರಲಿಲ್ಲ, ಅವರಿಗೆ ಗೊತ್ತಿತ್ತು.

"ಟೋಬಿಗೂ ಒಂದಿಷ್ಟು ಮೆತ್ತನೆ ಬಿಸ್ಕತ್ತು ಬನ್ನು ಕಟ್ಟಿದೀನಿ, ಹಂದಿ ಮಾಂಸ ಇಟ್ಟು. ಲಾಕಪ್ಪಿನ ಊಟ ಅವನಿಗೆ ಸೇರಲ್ಲ. ಆಲ್ಟನ್ ಹೆಂಡತಿಗೂ ನಿನ್ನೆ ಕೊಟ್ಟುಬರೋಣ ಅಂತ ಹೋಗಿದ್ದೆ. ಒಳಗೆ ಬಿಡಲೇ ಇಲ್ಲ ಆ ರಾಯ್ಸ್ ಮೀಕಿನ್ಸ್. ಬಾಗಿಲಲ್ಲೇ ತಗೊಂಡ, ನಗುನಗುತ್ತಾ. ‘ಲವೀನಿಯಾ ಮಲಗಿದಾರೆ ಮಿಸ್ ಒಡೆಸ್ಸಾ’ ಅಂದ."

"ಒಳ್ಳೇ ಮನುಷ್ಯ. ಕ್ಯಾಪ್ಟನ್ ಜೊತೆ ಪಾಲುದಾರ ಆಗಿದ್ದೋನು. ಕೊಲೆಯಾದ ಸಂಜೆಯಿಂದ ಅವರ ಮನೆಯಲ್ಲೇ ಇದ್ದು ಸೌದೆ ಒಡೆದು, ಅಂಗಡಿಗೆ ಹೋಗಿ ಬಂದು ಮಾಡ್ತಿದಾನಂತೆ."

"ಊರೆಲ್ಲ ಅದನ್ನೇ ಹೇಳುತ್ತೆ," ಎಂದು ಒಡೆಸ್ಸಾ ಮತ್ತೆ ಕೋವಿಯ ಕಡೆ ತಿರುಗಿದರು. "ಕೊಳವೆ ಬಿಚ್ಚೋಣ. ಕಡ್ಡಿ ಇಲ್ಲ ಅನ್ನೋದೂ ಗೊತ್ತಾಗಿಬಿಡಲಿ. ಐದು ಹೊಡೆದ ಕೋವಿ ತಾನೇ."

ಕೊಳವೆಯ ತುದಿಯ ತಿರುಪು ತಿರುಗಿಸಿದರು. ತುಕ್ಕು ಕಿರುಗುಟ್ಟಿತು. ತೋಟಾ ನೂಕುವ ಸ್ಪ್ರಿಂಗಿನ ಸುರುಳಿ ಹಾವಿನಂತೆ ಈಚೆ ಹಾರಿತು. ಕೊಳವೆಯನ್ನು ಬಗ್ಗಿಸಿದಾಗ ಏನೋ ಜಾರಿ ಬಂದು ಕೌದಿಯ ಮೇಲೆ ಬಿತ್ತು.

ಕಡ್ಡಿ.

ಅಂಗಡಿಯಲ್ಲಿ ಸಿಗುವ ನುಣುಪು ಕಡ್ಡಿಯಲ್ಲ. ಜೌಗಿನಂಚಿನ ಮೇಣಕಾಯಿ ಗಿಡದ ಟೊಂಗೆ, ಬೆರಳು ದಪ್ಪ. ಒಂದು ಕಡೆ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಒಡೆಸ್ಸಾ ಉಗುರಿನಿಂದ ಸಿಪ್ಪೆ ಕೆರೆದರು. ಒಳಗೆ ಹಸುರು. ಆ ಗಿಡದ ಘಾಟು ಪರಿಮಳ ಎಣ್ಣೆ ವಾಸನೆಯ ನಡುವೆಯೂ ಮೂಗಿಗೆ ಬಂತು.

"ಹಸಿ ಕಡ್ಡಿ," ಎಂದ ನೀಲ್. "ಅಲ್ಲೇ ನಿಂತು ಕಡಿದದ್ದು. ಕೊಲೆ ಆದಮೇಲೆ."

"ಅಲ್ಲಾ, ಮನುಷ್ಯನನ್ನ ಕೊಂದೋನು ಬಾತಿನ ಕಾನೂನಿಗೆ ಹೆದರಿದನೇ?"

ಹೊರಗೆ ಹಿಮಹೆಬ್ಬಾತುಗಳ ಹಿಂಡೊಂದು ಛಾವಣಿಯ ಮೇಲೆ ಕೂಗುತ್ತಾ ಹೋಯಿತು. ಆ ಕೂಗು ಮುಗಿಯಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹಕ್ಕಿಗಳು.

ಒಡೆಸ್ಸಾ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದರು. ಅವರ ಮುಖ ಬದಲಾಯಿತು.

"ಏನು?"

"ಏನಿಲ್ಲ."

"ಮಿಸ್ ಒಡೆಸ್ಸಾ." ಇಲ್ಲಿ ಹಿರಿಯ ಹೆಂಗಸರೆಲ್ಲ, ಮದುವೆಯಾದವರೂ, ‘ಮಿಸ್’.

ಆಕೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ತುದಿಯನ್ನ ಹೊಲಿಗೆ ಅಂಗುಸ್ತಾನದ ಹಾಗೆ ಉರುಟು ಮಾಡಿದಾನೆ. ಅದರ ಕೆಳಗೆ ಸುತ್ತ ಒಂದು ಗೆರೆ ತೋಡಿದಾನೆ. ಸುರುಳಿಯ ಕೊನೆ ಸುತ್ತು ಅದರಲ್ಲಿ ಕೂರಲಿ, ಕಡ್ಡಿ ಗಲಗಲ ಅನ್ನದೇ ಇರಲಿ ಅಂತ. ಇದನ್ನ ಮಾಡ್ತಿದ್ದೋನು ನಮ್ಮಪ್ಪ. ಆಮೇಲೆ ನಾನು. ನಾನು ಕಲಿಸಿದ್ದು ಒಬ್ಬನಿಗೇ. ಎರಡು ಚಳಿಗಾಲ ಈ ಮೇಜಿನ ಮುಂದೆ ಕೂತು ಕಲಿತ."

ನೀಲ್‌ಗೆ ಹೆಸರು ಕೇಳಬೇಕಾಗಿರಲಿಲ್ಲ. ಟೋಬಿ.

"ನಾನು ಸುಮ್ನಿರಬಹುದಿತ್ತು ಕಣಪ್ಪ," ಎಂದರು ಒಡೆಸ್ಸಾ. "ಆದ್ರೆ ಕೋವಿ ಬಿಚ್ಚಿ ಕೂತಮೇಲೆ ಅದು ಹೇಳಿದ್ದನ್ನ ಅರ್ಧ ಹೇಳಿ ಅರ್ಧ ನುಂಗೋಕಾಗಲ್ಲ. ನಡಿ, ನಾನೂ ಬರ್ತೀನಿ. ಬಿಸ್ಕತ್ತು ತಣ್ಣಗಾಗುತ್ತೆ."

ಲಾಕಪ್ಪಿನ ಭೇಟಿ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ನ್ಯಾಯಾಲಯದ ಅಂಗಳಕ್ಕೆ ತೆರೆದ ಕಿಟಕಿ. ಹನ್ನೆರಡು ಗಂಟೆ. ಒಡೆಸ್ಸಾ ಕೋವಿಯನ್ನು ಕೌದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಹೊರಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು.

ಟೋಬಿ ವೀಟ್ಲಿ ಒಳಗೆ ಬಂದ. ಇಪ್ಪತ್ತಾರರ ಪ್ರಾಯ, ಏಡಿ ಹಿಡಿಯುವವನ ಬಿರುಕು ಕೈಗಳು. ಬಿಸ್ಕತ್ತಿನ ಗಂಟು ನೋಡಿ ಮುಖ ಅರಳಿತು.

"ಮಿಸ್ಟರ್ ನೀಲ್, ನನ್ನ ಇಲಿಬೋನು ಯಾರಾದ್ರೂ ನೋಡಿದ್ರಾ? ಒಂಬತ್ತು ದಿನ ಆಯ್ತು. ಬಿದ್ದ ನೀರಿಲಿಗಳು ತೊಗಲಿನ ಸಮೇತ ಕೊಳೀತಿರ್ತವೆ."

"ನಿನ್ನ ಇಲಿ ಹಾಳಾಗಲಿ. ಇದು ಯಾರ ಕೈಕೆಲಸ?" ನೀಲ್ ಕಡ್ಡಿಯನ್ನು ಮೇಜಿನ ಮೇಲಿಟ್ಟ.

ಟೋಬಿ ಅಗಿಯುವುದನ್ನು ನಿಲ್ಲಿಸಿದ. ಕಡ್ಡಿಯನ್ನು ಬಹಳ ಹೊತ್ತು ನೋಡಿದ.

"ಮಿಸ್ ಒಡೆಸ್ಸಾ ನೋಡಿದ್ರಾ ಇದನ್ನ?"

"ನೋಡಿದ್ರು."

"ಏನಂದ್ರು?"

"ಅಂಗುಸ್ತಾನದ ಹಾಗೆ ಉರುಟಾಗಿದೆ ಅಂದ್ರು."

ಅವನ ತುಟಿಯಂಚಿನಲ್ಲಿ ನಗೆ ಸುಳಿದು ಹೋಯಿತು. "ಕೈ ಮರಗಟ್ಟಿತ್ತು. ಅಷ್ಟಾದ್ರೂ ಬಂತಲ್ಲ."

"ಟೋಬಿ!" ನೀಲ್ ಮೇಜು ಗುದ್ದಿದ. "ಇನ್ನೊಂದು ಗಂಟೆಗೆ ನಿನ್ನನ್ನ ಒಯ್ತಾರೆ. ಈ ಕಡ್ಡಿ ಸಿಕ್ಕಿದ್ದು ಕೊಲೆ ನಡೆದ ಮರೆಯಲ್ಲಿ ಹಾರಿದ ಕೋವಿಯ ಹೊಟ್ಟೆಯಲ್ಲಿ. ಕೆತ್ತಿದೋನು ನೀನು ಅಂತ ನೀನೇ ಒಪ್ಕೊಂಡೆ. ಆಮೇಲೆ ಕೋವೀನ ಹೊಳೆಗೆ ಹಾಕಿದೆ."

"ಹೊಳೆಗೆ?" ಟೋಬಿಯ ಕಣ್ಣು ದೊಡ್ಡದಾಯಿತು. "ಯಾವ ಹೊಳೆಗೆ?"

"ನಾಟಕ ಸಾಕು."

"ಸ್ವಲ್ಪ ತಲೆ ಓಡಿಸಿ ಮಿಸ್ಟರ್ ನೀಲ್. ಹೊಳೆಗೆ ಬಿಸಾಕೋ ಕೋವಿಗೆ ಯಾರಾದ್ರೂ ಕಡ್ಡಿ ಕೆತ್ತಿ ಕೂರ್ತಾರಾ? ಸೀದಾ ಬಿಸಾಕಲ್ವಾ?"

ನೀಲ್‌ನ ಕೈ ಮತ್ತೆ ಕಡ್ಡಿಯ ಕಡೆ ಹೋಯಿತು. ಹೌದಲ್ಲ. ಕೆತ್ತಿದವನು ಕೋವಿಯನ್ನು ಮನೆಗೆ ಒಯ್ಯಬೇಕೆಂದಿದ್ದವನು. ಬಿಸಾಡಿದವನು ಬೇರೆ.

"ಮತ್ತೆ ಯಾಕೆ ಕೆತ್ತಿದೆ?"

"ನೀವು ಕಟ್ಟೆ ಮೇಲಿರ್ತೀರ ಅಂದ್ಕೊಂಡೆ. ಶನಿವಾರ ತಾನೇ. ನಿಮ್ಮ ಕೈಗೆ ಸಿಕ್ಕಿದ್ರೆ ಬಿಡೋ ಪೈಕಿನಾ ನೀವು? ನಿಮ್ಮ ಸ್ವಂತ ಭಾವಮೈದುನನಿಗೇ ದಂಡ ಬರೆದೋರು. ಮನೆ ಕೋವಿ ಅದು, ಕೋಳಿಗೂಡಿನ ನರಿ ಓಡಿಸೋದಕ್ಕೆ ಇಟ್ಕೊಂಡಿದ್ದು, ಯಾವತ್ತೂ ಕಡ್ಡಿ ಕಂಡಿಲ್ಲ. ಆ ವಯಸ್ಸಲ್ಲಿ ದಂಡ, ಪೇಪರಲ್ಲಿ ಹೆಸರು, ಚರ್ಚಲ್ಲಿ ಜನ…"

"ಯಾವ ವಯಸ್ಸಲ್ಲಿ?"

ಟೋಬಿ ಇನ್ನೊಂದು ಬಿಸ್ಕತ್ತು ಬಾಯಿಗಿಟ್ಟ.

"ಯಾರ ಕೋವಿ ಟೋಬಿ?"

"ಮಾತು ಕೊಟ್ಟಿದೀನಿ."

"ಮಾತಿಗೋಸ್ಕರ ಜೈಲಿಗೆ ಹೋಗ್ತೀಯಾ?"

"ಕೊಟ್ಟಾಗ ಜೈಲು ಗೊತ್ತಿರಲಿಲ್ಲ. ಈಗ ಗೊತ್ತು ಅಂತ ವಾಪಸ್ ತಗೊಳ್ಳೋಕಾಗುತ್ತಾ?"

ಅವನು ಅದನ್ನು ದೊಡ್ಡ ಮಾತಿನಂತೆ ಹೇಳಲಿಲ್ಲ. ಬಿಸ್ಕತ್ತಿನ ಪುಡಿಯನ್ನು ಬೆರಳತುದಿಗೆ ಅಂಟಿಸಿ ತಿನ್ನುತ್ತಾ ಹೇಳಿದ. ನೀಲ್ ಅವನನ್ನೇ ನೋಡುತ್ತಾ ಕೂತ. ಈ ಹುಡುಗನ ಅಪ್ಪ ಕುಡುಕ, ಅಮ್ಮ ಇಲ್ಲ, ದೋಣಿ ಇನ್ನೊಬ್ಬರದು. ಇಂಥದ್ದೊಂದು ವಸ್ತು ಅವನೊಳಗೆ ಯಾವಾಗ, ಯಾರು ಇಟ್ಟರು?

ಬೇರೆ ದಾರಿ ಕಾಣದೆ ನೀಲ್ ತನ್ನ ಕಸುಬಿನ ಪ್ರಶ್ನೆಯನ್ನೇ ಕೇಳಿದ. ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ. "ಕಡ್ಡಿ ಹಾಕೋ ಮುಂಚೆ ಕೋವಿ ಖಾಲಿ ಮಾಡಿದ್ಯಾ?"

"ಮಾಡದೆ? ನನಗೇನು ಹುಚ್ಚಾ?"

"ಏನಾದ್ರೂ ಬಿತ್ತಾ?"

"ಎರಡು."

"ಖಾಲಿ ತೋಟಾ?"

"ಇಲ್ಲ. ಹಾರದೇ ಇದ್ದದ್ದು. ಎರಡು ಹೊಸ ತೋಟಾ."

ನೀಲ್ ಮೇಜಿನ ಮೇಲೆ ಬೆರಳೂರಿ ಎಣಿಸಿದ.

ಕಡ್ಡಿ ಇಲ್ಲದ ಮೂವತ್ತೇಳರಲ್ಲಿ ಹಿಡಿಯುವುದು ಐದು. ಎರಡು ಒಳಗೇ ಇದ್ದವು. ಹಾರಿದ್ದು ಮೂರು. ಕಾಲ ಬುಡದಲ್ಲಿ ಬಿದ್ದದ್ದೂ ಮೂರು. ಉಳಿದೆರಡು ನೀರಿಗೆ ಬೀಳಲೇ ಇಲ್ಲ. ಆ ಎರಡು ಸದ್ದು ಈ ಕೋವಿಯದೇ ಅಲ್ಲ. ಕ್ಯಾಪ್ಟನ್ನನ ಮೈಮೇಲಿನ ಏಟು ಎರಡು.

ಅವನು ಕಣ್ಣು ಮುಚ್ಚಿದ. ಒಂಬತ್ತು ದಿನದ ಹಿಂದಿನ ಆ ಬೆಳಗು, ಬೂದುಬಣ್ಣದ ನೀರು, ಕೈಯಲ್ಲಿ ಕಾಫಿಯ ಫ್ಲಾಸ್ಕು. ಮೊದಲು ಎರಡು ಸದ್ದು, ಒಂದರ ಬೆನ್ನಿಗೊಂದು. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ದ, ಬಗ್ಗಿಸಿಕೊಂಡಿದ್ದ, ಮುಚ್ಚಳ ಹಾಕಿದ್ದ. ಆಮೇಲೆ ಮೂರು. ನಿಧಾನವಾಗಿ, ನಡುವೆ ಸಮನಾದ ಅಂತರ ಬಿಟ್ಟು. ಬಾಗಿಲು ತಟ್ಟಿದ ಹಾಗೆ.

ಜೌಗಿನಲ್ಲಿ ದಾರಿ ತಪ್ಪಿದವರು, ದೋಣಿ ಮುಳುಗಿದವರು, ಮಂಜಿಗೆ ಸಿಕ್ಕವರು ಆಕಾಶಕ್ಕೆ ಮೂರು ಹೊಡೆಯುತ್ತಾರೆ. ನಡೆಯಲು ಕಲಿತ ಕೂಸಿಗೆ ಇಲ್ಲಿ ಅದನ್ನು ಹೇಳಿಕೊಡುತ್ತಾರೆ. ಕೇಳಿದವರು ಉಣ್ಣುವ ತಟ್ಟೆ ಬಿಟ್ಟು ಓಡಬೇಕು.

ಅವನು ಓಡಿರಲಿಲ್ಲ. ಎರಡಕ್ಕೆ ಮೂರು ಕೂಡಿಸಿದ್ದ. ಐದು ಎಂದು ಬರೆದಿದ್ದ. ಕಡ್ಡಿ ಇಲ್ಲದ ಕೋವಿ ಎಂದುಕೊಂಡು, ದಂಡದ ಪುಸ್ತಕ ಹಿಡಿದು, ಬೇರೆ ಹೊಳೆಗೆ ಹುಡುಕಲು ಹೋಗಿದ್ದ.

"ದೇವರೇ," ಎಂದ. "ಅದು ಕರೆ."

ಟೋಬಿ ತಲೆಯೆತ್ತಿದ. ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಅವನ ಕಣ್ಣು ತುಂಬಿತು. "ನಾನೂ ಕೇಳಿದೆ ಮಿಸ್ಟರ್ ನೀಲ್. ಆ ಕಡೆ ಹೊಳೆಯಲ್ಲಿ ಬೋನು ನೋಡ್ತಿದ್ದೆ. ಹುಟ್ಟಲ್ಲಿ ಮಂಜುಗಡ್ಡೆ ಒಡ್ಕೊಂಡು ಬರೋಷ್ಟರಲ್ಲಿ ಮುಕ್ಕಾಲು ಗಂಟೆ ಆಯ್ತು. ಅಷ್ಟೊತ್ತಿಗೆ ಅವ್ರ ದೋಣಿ ಸುಮ್ನೆ ತೇಲ್ತಿತ್ತು. ಕೈ ನೀಲಿಯಾಗಿತ್ತು. ‘ನಾನಲ್ಲಿದ್ದೆ ಅಂತ ಯಾರಿಗೂ ಹೇಳಬೇಡ’ ಅಂದ್ರು. ‘ಗೊತ್ತಾದ್ರೆ ನಾನೂ ಉಳಿಯಲ್ಲ’ ಅಂದ್ರು. ಎಲ್ಲಿ, ಏನು ನೋಡಿದ್ರು, ಹೇಳಲಿಲ್ಲ. ಕ್ಯಾಪ್ಟನ್ ಸತ್ತದ್ದೇ ನನಗೆ ಗೊತ್ತಾಗಿದ್ದು ಮಧ್ಯಾಹ್ನ."

"ಗಂಡನಿಗೆ ತಿಂಡಿ ತಗೊಂಡು ಹೋಗಿದ್ರು," ಎಂದ ನೀಲ್ ಮೆಲ್ಲಗೆ. "ಮಿಸ್ ಲವೀನಿಯಾ."

ಟೋಬಿ ಗಂಟಿನ ಬಟ್ಟೆ ಮಡಚಿದ. "ನಾನು ಹೆಸರು ಹೇಳಲಿಲ್ಲ. ನೆನಪಿರಲಿ." ಆಮೇಲೆ ಅಂದ: "ಶಾಲೆ ಅಡುಗೆಮನೆಯಲ್ಲಿ ಬಡಿಸ್ತಿದ್ದೋರು ನನಗೆ ದಿನಾ ಎರಡನೇ ತಟ್ಟೆ ಕೊಡ್ತಿದ್ರು. ‘ಇದನ್ನ ತೊಳೆಯೋಕೆ ಸಹಾಯ ಮಾಡು’ ಅನ್ನೋರು, ಬೇರೆ ಮಕ್ಕಳಿಗೆ ಗೊತ್ತಾಗಬಾರದು ಅಂತ. ತಟ್ಟೆ ತುಂಬಾ ಊಟ ಇರೋದು."

ಬಾಗಿಲು ತೆರೆದಿತ್ತು. ಬೆಂಚಿನ ಮೇಲಿಂದ ಒಡೆಸ್ಸಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಟೋಬಿ," ಎಂದರು ಅಲ್ಲಿಂದಲೇ. "ಕೋವಿ ಎಲ್ಲಿಟ್ಟೆ?"

"ಅವ್ರ ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ. ನನ್ನ ಕೈಯಾರೆ ತೂಗುಹಾಕಿದೆ."

"ಮತ್ತೆ ಅದಕ್ಕೆ ಕಾಲು ಬಂತೇ?"

ಆ ಸಂಜೆಯಿಂದ ಆ ಮನೆಯಲ್ಲಿದ್ದವರು ಇಬ್ಬರೇ. ಒಬ್ಬರು ಲವೀನಿಯಾ. ಇನ್ನೊಬ್ಬ ಸೌದೆ ಒಡೆದುಕೊಡುವವನು, ಬಾಗಿಲಲ್ಲಿ ನಿಂತು ನಗುವವನು, ಬಂದ ಯಾರನ್ನೂ ಒಳಗೆ ಬಿಡದವನು. ಮರೆಯಲ್ಲಿ ಬಿದ್ದ ಮೂರು ತೋಟಾ ಮೊಳೆಯ ಮೇಲಿನ ಕೋವಿಯದೆಂದು ಗೊತ್ತಾದರೆ, ಆಕೆ ಅಲ್ಲಿದ್ದರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಆಗ ಎಲ್ಲರೂ ಆಕೆಯನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಯಾರನ್ನು ನೋಡಿದಿರಿ? ಆ ಪ್ರಶ್ನೆ ಬೇಡವಾದವನೇ ಕೋವಿಯನ್ನು ಹೊಳೆಗೆ ಹಾಕಿದ್ದ.

ನೀಲ್ ಠಾಣೆಯ ಮುಂಗಟ್ಟೆಯ ಫೋನಿಗೆ ಹಾರಿದ. ಒಂಬತ್ತು ಸಲ ಗಂಟೆ ಬಾರಿಸಿತು.

"ಹಲೋ?" ಮುದಿ ದನಿ, ತೆಳ್ಳಗೆ.

"ಮಿಸ್ ಲವೀನಿಯಾ, ನಾನು ನೀಲ್ ಪಾರ್ಕ್ಸ್. ಒಂದೇ ಮಾತು ಹೇಳಿ. ಆವತ್ತು ಎರಡಾದ ಮೇಲೆ ಮೂರು ಹೊಡೆದೋರು ನೀವೇನಾ?"

ಅತ್ತ ಕೆಟಲಿನ ಸೀಟಿ ಕೇಳುತ್ತಿತ್ತು. ಆಮೇಲೆ ಅದು ನಿಂತಿತು.

"ಹೂಂ ಮಗಾ. ತುಂಬಾ ಹೊತ್ತು ಕಾದೆ."

ಆಮೇಲೆ ಫೋನು ಕೈ ಬದಲಾಯಿತು.

"ಯಾರು, ನೀಲಾ?" ರಾಯ್ಸ್ ಮೀಕಿನ್ಸನ ಬೆಚ್ಚನೆಯ ದನಿ. "ಏನಪ್ಪಾ, ಕೋರ್ಟಿಗೆ ಹೋಗಲಿಲ್ವಾ? ನೋಡು, ಬಿಸಿಲು ಬಂದು ಮಂಜುಗಡ್ಡೆ ಬಿಟ್ಟಿದೆ. ಆಲ್ಟನ್‌ದು ಆ ಮರೆ ಒಂದ್ಸಲ ನೋಡ್ಬೇಕು ಅಂತ ಇವ್ರ ಆಸೆ. ದೋಣೀಲಿ ಕರ್ಕೊಂಡು ಹೋಗಿ ಬರ್ತೀನಿ. ಪಾಪ, ಮನೆಯಲ್ಲೇ ಕೂತು ಕೂತು ಸೊರಗಿದಾರೆ. ಶಾಲು ಹೊದಿಸಿದೀನಿ, ಚಿಂತೆ ಬೇಡ."

ಫೋನು ಇಟ್ಟ ಸದ್ದು.

ಹನ್ನೆರಡೂಕಾಲು. ಶೆರಿಫೂ ಅವನ ಜನರೂ ಆಗಲೇ ನ್ಯಾಯಾಲಯದೊಳಗೆ. ಇನ್ಸ್ಲಿ ಮನೆಗೆ ಅರ್ಧ ಗಂಟೆಯ ದಾರಿ. ಒಂದು ಗಂಟೆಗೆ ನೀಲ್ ಕಟಕಟೆಯಲ್ಲಿ ನಿಂತು ತನ್ನ ಮಾತು ತಾನೇ ಹಿಂತೆಗೆದುಕೊಳ್ಳದಿದ್ದರೆ, ಆ ಐದು ಐದಾಗಿಯೇ ಉಳಿಯುತ್ತದೆ, ಟೋಬಿ ಹೋಗುತ್ತಾನೆ.

ಅವನು ಕಿಟಕಿ ನೋಡಿದ, ಗಡಿಯಾರ ನೋಡಿದ, ಮತ್ತೆ ಕಿಟಕಿ ನೋಡಿದ.

"ಇನ್ನೂ ಏನು ಎಣಿಸ್ತಾ ನಿಂತಿದೀರಾ ಮಿಸ್ಟರ್ ನೀಲ್?" ಒಳಗಿನಿಂದ ಟೋಬಿ ಕೂಗಿದ. "ಹೋಗಿ!"

ಒಡೆಸ್ಸಾ ಎದ್ದು ಬಂದು ಅವನ ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು, ಆ ದಿನದ ಹಾಳೆ ಬಿಡಿಸಿ, ಪೆನ್ಸಿಲನ್ನು ಅವನ ಬೆರಳ ನಡುವೆ ಇಟ್ಟರು. "ಬರಿ. ಎರಡು. ಆಮೇಲೆ ಮೂರು. ಸಹಿ ಹಾಕು. ಕೋವಿ ಮಾತು ನಾನು ಹೇಳ್ತೀನಿ. ನಮ್ಮಪ್ಪನ ಕಾಲದಲ್ಲಿ ಆ ಕೋರ್ಟಿನ ಮುಂಬಾಗಿಲಲ್ಲಿ ನಮ್ಮನ್ನ ಬಿಡ್ತಿರಲಿಲ್ಲ. ಇವತ್ತು ಕೇಳಿಸ್ಕೊಳ್ಳಲಿ."

ಅವನು ಬರೆದ. ಸಹಿ ಹಾಕಿದ. ಓಡಿದ.

ಹನ್ನೆರಡು ನಲವತ್ತಕ್ಕೆ ಅವನ ಗಾಡಿ ಮಡ್ಡಿ ಹುಕ್ ಸೇತುವೆ ಏರಿತು. ಅಲ್ಲಿಂದ ಇಡೀ ಜೌಗು ಕಾಣುತ್ತದೆ. ಹೊಂಬಣ್ಣದ ಹುಲ್ಲು, ನಡುವೆ ಸೀಳಿಕೊಂಡು ಹೋದ ನೀರು, ದೂರದಲ್ಲಿ ಕ್ಯಾಪ್ಟನ್ನನ ಮರೆ ಅಂಗೈಯಷ್ಟು. ಅದರ ಪಕ್ಕದಲ್ಲಿ ಒಂದು ದೋಣಿ ನಿಂತಿತ್ತು.

ದೋಣಿಯಲ್ಲಿ ಯಾರೂ ಇರಲಿಲ್ಲ.

ಅವನು ಗಾಡಿ ನಿಲ್ಲಿಸಿ ಕೆಳಗಿಳಿದ. ಅದೇ ಗಳಿಗೆಯಲ್ಲಿ ಜೌಗು ಎದ್ದಿತು. ಮರೆಯ ಸುತ್ತಲಿನ ಹಿಮಹೆಬ್ಬಾತುಗಳು, ಹತ್ತು ಸಾವಿರವೋ ಇಪ್ಪತ್ತು ಸಾವಿರವೋ, ನೆಲವೇ ಬಿಳಿ ಬಟ್ಟೆಯಾಗಿ ಆಕಾಶಕ್ಕೆ ಏರಿದ ಹಾಗೆ ಒಟ್ಟಿಗೆ ಎದ್ದವು. ಸೂರ್ಯ ಮರೆಯಾದ.

ಹಕ್ಕಿ ಎದ್ದ ಮೇಲೆ, ನೀರಿನ ಮೇಲೆ ತೇಲಿಕೊಂಡು, ಸದ್ದು ಬಂತು.

ಒಂದು.

ನೀಲ್ ಸೇತುವೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೊಲೆಯ ಎರಡೋ, ಕರೆಯ ಮೂರೋ ಎಂದು ಮುಂದಿನದಕ್ಕೆ ಕಿವಿಗೊಟ್ಟ.